ಕೈ ತಾಗದ ರೊಟ್ಟಿ

ಈಗ ಕೈ ಹಾಕಲೇ, ಬೇಡವೇ?

ಹಾಕಿದರೆ ಮುಗಿಯಿತು. ಹಾಕದಿದ್ದರೆ? ಹಾಕದಿದ್ದರೆ ಏನಾಗುತ್ತದೆ ಎಂದು ಪುಸ್ತಕದಲ್ಲಿ ಬರೆದಿಲ್ಲ. ಮೆಷೀನು ಮೂರನೆಯ ಸಲ 'ಪೀ' ಎಂದಾಗ ಕೈ ಒದ್ದೆ ಮಾಡಿಕೊಂಡು, ಹಿಟ್ಟನ್ನು ಮೆಲ್ಲಗೆ ಎತ್ತಿ, ತಳದಲ್ಲಿರುವ, ಹಿಟ್ಟು ಕಲಸುವ ರೆಕ್ಕೆಯನ್ನು ತೆಗೆಯಿರಿ ಎಂದಷ್ಟೇ ಇದೆ. ಮೂರನೆಯ ಸಲ ಕೂಗಿ ಆಯಿತು. ಎರಡು ನಿಮಿಷವೂ ಕಳೆಯಿತು. ಹಿಟ್ಟು ಉಬ್ಬಲು ಶುರುವಾಗಿದೆ. ಬೆರಳು ಮುಚ್ಚಳದ ಮೇಲಿದೆ. ತೆಗೆಯಲೇ? ಹಿಟ್ಟಿಗೆ ಕೈ ತಾಗಿದರೆ ಆ ಮನೆಗೆ ಹೋಗಬೇಕಾಗುತ್ತದಲ್ಲ?

ನೋಡಿ, ಹೀಗೆ ಯೋಚಿಸುತ್ತ ಒಂದು ಶನಿವಾರ ಮಧ್ಯಾಹ್ನ ಒಬ್ಬ ಶ್ರೀಮಂತ ತನ್ನ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ. ಯಾವ ಊರು ಎಂದು ಕೇಳಬೇಡಿ. ಊರು ಹೇಳಿದರೆ ನೀವು ಆ ಊರಿನವರನ್ನು ಹುಡುಕಲು ಹೊರಡುತ್ತೀರಿ, ನಿಮ್ಮನ್ನು ನೀವು ಹುಡುಕಿಕೊಳ್ಳುವುದಿಲ್ಲ. ಹೊಳೆ ಕಡಲಿಗೆ ಸೇರುವಲ್ಲಿ ಒಂದೂರು, ಅಷ್ಟು ಸಾಕು. ಬೋಟುಗಳು ಬಂದು ನಿಲ್ಲುವ ದಕ್ಕೆಯ ಮೀನಿಗೆ ಮಂಜುಗಡ್ಡೆ ಮಾಡಿ ಕೊಡುವ ಐಸ್ ಪ್ಲಾಂಟು ಅವನದು. ಇಡೀ ಆಯುಷ್ಯ ತಣ್ಣಗಿರುವುದನ್ನು ಮಾರಿದವನು ಆ ದಿನ ಮೊದಲ ಸಲ ಬಿಸಿಯಾದದ್ದೊಂದನ್ನು ಮಾಡಲು ಕುಳಿತಿದ್ದ. ಎದುರಿಗೆ, ಹಿಟ್ಟನ್ನು ತಾನೇ ಕಲಸಿ ತಾನೇ ಬೇಯಿಸುವ ಬ್ರೆಡ್ ಮೆಷೀನು. ಹೊಸದು. ಬಿಳಿ ಬಣ್ಣದ್ದು. ಮುಚ್ಚಳದಲ್ಲಿ ಒಂದು ಚಿಕ್ಕ ಗಾಜಿನ ಕಿಟಕಿ.

ಆ ಊರಿನ ಕ್ರೈಸ್ತ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ತಿಂಗಳ ಮೊದಲ ಭಾನುವಾರ ಪ್ರಭುಭೋಜನ, ಪಾದ್ರಿ ಅಯ್ಯನವರು ರೊಟ್ಟಿ ಮುರಿದು ಎಲ್ಲರಿಗೂ ಹಂಚುವ ಆರಾಧನೆ. ಆ ದಿನದ ರೊಟ್ಟಿ ಅಂಗಡಿಯಿಂದ ಬರುತ್ತಿರಲಿಲ್ಲ. ಸಭೆಯಲ್ಲಿ ಮೂವತ್ತಾರು ಮನೆಗಳು, ಪ್ರತಿ ತಿಂಗಳು ಒಂದು ಮನೆಯ ಸರದಿ. ಮೈದಾ, ಉಪ್ಪು, ನೀರು, ಈಸ್ಟು, ಇಷ್ಟೇ. ಎಷ್ಟು ಹೊತ್ತು ಕಲಸಬೇಕು? ಗಡಿಯಾರ ನೋಡುವಂತಿಲ್ಲ. ಕಲಸುತ್ತ ಕಲಸುತ್ತ ಸಭೆಯ ಒಂದೊಂದೇ ಮನೆಯ ಹೆಸರು ಹೇಳಬೇಕು. ಹಿಟ್ಟನ್ನು ಹತ್ತು ಸಲ ಮಡಚಿ ಒತ್ತಿದರೆ ಒಂದು ಮನೆ. ಮೂವತ್ತಾರು ಮನೆ ಮುಗಿದಾಗ ಹಿಟ್ಟು ಹದಕ್ಕೆ ಬಂದಿರುತ್ತದೆ. ಎಷ್ಟು ಚೆಂದದ ಅಳತೆ, ನೋಡಿ! ಯಾರ ಮನೆಯನ್ನು ಬಿಟ್ಟರೂ ರೊಟ್ಟಿ ಅಷ್ಟು ಗಟ್ಟಿ.

ಇದಕ್ಕಿಂತ ಕಷ್ಟದ್ದು ಇನ್ನೊಂದು. ಹಿಟ್ಟಿಗೆ ಕೈ ಹಾಕುವ ಮೊದಲು, ತಾವು ಯಾರ ಜೊತೆ ಮಾತು ಬಿಟ್ಟಿದ್ದಾರೋ ಅವರ ಮನೆಗೆ ಹೋಗಿ ಮಾತಾಡಿ ಬರಬೇಕು. ಹೋಗಲು ಆಗದವರು ಸರದಿಯನ್ನು ಪಕ್ಕದ ಮನೆಗೆ ಬಿಟ್ಟುಕೊಡಬೇಕು. ಯಾರೂ ಬೈಯುವುದಿಲ್ಲ, ಯಾರೂ ಕಾರಣ ಕೇಳುವುದಿಲ್ಲ. ಆದರೆ ಎಲ್ಲರಿಗೂ ಗೊತ್ತಾಗುತ್ತದೆ.

ನಮ್ಮ ಶ್ರೀಮಂತ ಮೂರು ಸಲ ಬಿಟ್ಟುಕೊಟ್ಟಿದ್ದ.

ಅವನಿಗೊಬ್ಬ ತಮ್ಮ ಇದ್ದ. ಬೋಟಿನ ಇಂಜಿನ್ ಬಿಚ್ಚಿ ರಿಪೇರಿ ಮಾಡುವ ಮೆಕ್ಯಾನಿಕ್. ಬಾವಿಕಟ್ಟೆಯ ಹತ್ತಿರ ಹಳೆಯ ಮನೆಯಲ್ಲಿ ಒಬ್ಬನೇ ಇದ್ದ. ಅಣ್ಣನ ಮನೆಯಿಂದ ನಡೆದರೆ ನಾಲ್ಕು ನಿಮಿಷ. ಹನ್ನೊಂದು ವರ್ಷಗಳಲ್ಲಿ ಆ ನಾಲ್ಕು ನಿಮಿಷ ಅಣ್ಣನಿಗೆ ಸಿಕ್ಕಿರಲಿಲ್ಲ.

ಆಸ್ತಿಯ ಜಗಳವೇ ಎಂದು ಕೇಳುತ್ತೀರಿ. ಅಲ್ಲ. ಅವರಮ್ಮ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದಳು. ಮೈ ಒರೆಸಿದವನು ತಮ್ಮ. ಗಂಜಿ ಕುಡಿಸಿದವನು ತಮ್ಮ. ಅಮ್ಮನಿಗೆ ಕೈಯಲ್ಲಿ ಶಕ್ತಿ ಇಲ್ಲದಾದಾಗ ಅವಳು ಹಾಸಿಗೆಯಿಂದಲೇ ಮನೆಗಳ ಹೆಸರು ಹೇಳುತ್ತಿದ್ದಳು, ಪ್ರಭುಭೋಜನದ ಹಿಟ್ಟು ಕಲಸುತ್ತಿದ್ದವನು ತಮ್ಮ. ಅಣ್ಣ ವಾರಕ್ಕೊಮ್ಮೆ ಸೇಬು ತಂದು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದ. ಅಮ್ಮ ತೀರಿಕೊಂಡ ದಿನ ದೇವಾಲಯದಲ್ಲಿ ಹಿರಿಯ ಮಗನೆಂದು ಅಣ್ಣ ವಂದನೆ ಹೇಳಲು ಎದ್ದ. ಡಾಕ್ಟರ ಹೆಸರು ಹೇಳಿದ. ನರ್ಸಿನ ಹೆಸರು ಹೇಳಿದ. ಗಾಯನ ಮಂಡಳಿಗೆ, ಕುರ್ಚಿ ಕೊಟ್ಟವರಿಗೆ, ಐಸ್ ತಂದ ತನ್ನದೇ ಲಾರಿಯ ಡ್ರೈವರನಿಗೆ, ಎಲ್ಲರಿಗೂ ಹೆಸರು ಹಿಡಿದು ವಂದನೆ ಹೇಳಿದ. ಕುಳಿತುಕೊಂಡ.

ಒಂದು ಹೆಸರು ಬಿಟ್ಟುಹೋಗಿತ್ತು.

ಮರೆತನೇ? ನಾನು ಕೇಳುತ್ತೇನೆ, ಮರೆತನೇ? ಇಲ್ಲ. ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಆ ಹೆಸರು ಹೇಳಿದ್ದರೆ ತಾನು ನೋಡಿಕೊಳ್ಳಲಿಲ್ಲ ಎಂಬುದೂ ಅದರ ಜೊತೆಗೇ ಇಡೀ ಸಭೆಗೆ ಕೇಳಿಸುತ್ತಿತ್ತು. ಅದಕ್ಕೇ ನುಂಗಿದ. ತಮ್ಮ ಮಣ್ಣು ಹಾಕಿ ಕೈ ತೊಳೆದುಕೊಂಡು ಮನೆಗೆ ಹೋದ. ಅಂದಿನಿಂದ ಮಾತಿಲ್ಲ.

ಈಗ ಹೇಳಿ, ಆ ಮನುಷ್ಯನಿಗೆ ಆಸೆ ಇರಲಿಲ್ಲವೇ? ಇತ್ತು! ಬಹಳ ಇತ್ತು! ಅಮ್ಮ ಮಾಡಿದ ಹಾಗೆ ತನ್ನ ಮನೆಯ ರೊಟ್ಟಿಯೂ ಆ ಮೇಜಿನ ಮೇಲೆ ಇರಬೇಕು. ತನ್ನ ರೊಟ್ಟಿಯನ್ನು ಅಯ್ಯನವರು ಮುರಿಯಬೇಕು. ನಾಲ್ಕನೆಯ ಸಲ ಸರದಿ ಬಂತು. ಅದೇ ವಾರ ಅವನು ಪೇಟೆಯ ಅಂಗಡಿಯ ಗಾಜಿನೊಳಗೆ ಈ ಮೆಷೀನು ನೋಡಿದ. ಅಂಗಡಿಯವನು ಹೇಳಿದ, "ಎಲ್ಲ ಹಾಕಿ ಗುಂಡಿ ಒತ್ತಿದ್ರೆ ಆಯ್ತು ಸರ್. ನೀವು ಕೈ ಹಾಕ್ಲಿಕ್ಕೇ ಇಲ್ಲ!"

ಕೈ ಹಾಕಲಿಕ್ಕೇ ಇಲ್ಲ! ಪ್ರಿಯರೇ, ಆ ಮಾತು ಕೇಳಿದಾಗ ಅವನ ಮುಖ ನೀವು ನೋಡಬೇಕಿತ್ತು. ಅಂಗಡಿಯಲ್ಲೇ ಜೋರಾಗಿ ನಕ್ಕುಬಿಟ್ಟನಂತೆ. ನಿಯಮ ಏನು? ಹಿಟ್ಟಿಗೆ ಕೈ ಹಾಕುವವರು ಹೋಗಬೇಕು. ಕೈಯೇ ಹಾಕದವನು? ಅವನು ಎಲ್ಲಿಗೂ ಹೋಗಬೇಕಾಗಿಲ್ಲ! ಪೆಟ್ಟಿಗೆಯನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಕಾರಿನಲ್ಲಿ ಮನೆಗೆ ಬಂದ.

ಶುಕ್ರವಾರ ಸಂಜೆ ದೊಡ್ಡಮ್ಮ ಬಂದರು. ಸಭೆಯ ಎಲ್ಲರಿಗೂ ಅವರು ದೊಡ್ಡಮ್ಮ. ಯಾರ ಮನೆಯ ಸರದಿಯೋ ಆ ಮನೆಗೆ ಹಿಟ್ಟು ಕಲಸುವ ಹಿಂದಿನ ದಿನ ಹೋಗಿ ಒಂದೇ ಒಂದು ಪ್ರಶ್ನೆ ಕೇಳುವುದು ಅವರ ಕೆಲಸ.

"ಯಾರ ಮನೆಗೆ ಹೋಗ್ಲಿಕ್ಕೆ ಉಂಟು?"

"ಎಲ್ಲಿಗೂ ಇಲ್ಲ ದೊಡ್ಡಮ್ಮ. ನಾನು ಹಿಟ್ಟಿಗೆ ಕೈ ಹಾಕುವುದೇ ಇಲ್ಲ. ಇದು ಹಾಕ್ತದೆ. ಇದಕ್ಕೆ ಯಾರ ಹತ್ರವೂ ಜಗಳ ಇಲ್ಲ."

ದೊಡ್ಡಮ್ಮ ಮೆಷೀನಿನ ಕಿಟಕಿಯೊಳಗೆ ಇಣುಕಿದರು.

"ಹೆಸರು ಹೇಳ್ಲಿಕ್ಕೆ ಬರ್ತದಾ ಇದಕ್ಕೆ?"

"ಇಲ್ಲ."

"ಮತ್ತೆ ಎಷ್ಟು ಹೊತ್ತು ಕಲಸ್ಬೇಕು ಅಂತ ಹೇಗೆ ಗೊತ್ತಾಗ್ತದೆ?"

"ಇಪ್ಪತ್ತೈದು ನಿಮಿಷ ಅಂತ ಒಳಗೇ ಉಂಟು ದೊಡ್ಡಮ್ಮ. ಅದೇ ಶುರು ಮಾಡ್ತದೆ, ಅದೇ ನಿಲ್ಲಿಸ್ತದೆ."

"ಭಾರಿ ಹುಷಾರಿನ ಮೆಷೀನು," ಎಂದರು ದೊಡ್ಡಮ್ಮ. ಅಷ್ಟೇ. ಕೊಟ್ಟ ಚಹಾವನ್ನು ಪೂರ್ತಿ ಕುಡಿಯದೆ ಹೋದರು.

ಶನಿವಾರ ಮಧ್ಯಾಹ್ನ. ನೀರು ಹಾಕಿದ, ಮೈದಾ ಹಾಕಿದ, ಒಂದು ಮೂಲೆಗೆ ಉಪ್ಪು, ನಡುವೆ ಗುಳಿ ಮಾಡಿ ಈಸ್ಟು. ಎಲ್ಲವೂ ಚಮಚದಲ್ಲಿ. ಗುಂಡಿ ಒತ್ತಿದ. ಗುರ್ ಎಂದು ಅದು ತಿರುಗತೊಡಗಿತು! ಹಿಟ್ಟು ಉಂಡೆಯಾಗಿ ಪಾತ್ರೆಯ ಗೋಡೆಗೆ ಪಟಪಟ ಬಡಿಯುತ್ತದೆ, ಮೇಜು ನಡುಗುತ್ತದೆ, ಮೇಜಿನ ಮೇಲಿನ ಲೋಟ ನಡುಗುತ್ತದೆ. ಅವನು ಸ್ಟೂಲಿನಿಂದ ಎದ್ದು ನಿಂತು ಕೂಗಿದ, "ಏ ಇಲ್ಲಿ ಬಾ! ನೋಡು, ನೋಡು, ಉಂಡೆ ಆಯ್ತು!"

ಹೆಂಡತಿ ಬಂದಳು. "ಇದು ಬ್ರೆಡ್ಡು ಮಾರಾಯ್ರೆ. ನೀವು ಹೆರಿಗೆ ಕೋಣೆಯ ಹೊರಗೆ ನಿಂತ ಹಾಗೆ ಮಾಡ್ತಾ ಇದ್ದೀರಿ."

"ನೀನು ನೋಡು ಮಾರಾಯ್ತಿ. ಕೈಯೇ ತಾಗ್ಲಿಲ್ಲ."

"ಕೈ ತಾಗದೆ ಮಾಡಿ, ಬಾಯಿ ತಾಗದೆ ತಿನ್ನಿ," ಎಂದು ಅವಳು ಬಟ್ಟೆ ಒಣಹಾಕಲು ಹೋದಳು.

ಆಮೇಲೆ ಮೂರನೆಯ 'ಪೀ'. ನಾನು ಶುರುವಿನಲ್ಲಿ ಹೇಳಿದ ಆ ಗಳಿಗೆ. ಕೈ ಹಾಕಲೇ, ಬೇಡವೇ? ಹಾಕಿ ರೆಕ್ಕೆ ತೆಗೆಯಬೇಕು. ಆದರೆ ಒಂದು ಬೆರಳು ಹಿಟ್ಟಿಗೆ ತಾಗಿದರೂ ನಿಯಮ ಬಂತು, ತಮ್ಮನ ಮನೆ ಬಂತು. ಯೋಚಿಸಿದ, ಯೋಚಿಸಿದ. ಬೆರಳನ್ನು ಮುಚ್ಚಳದಿಂದ ಹಿಂದೆ ತೆಗೆದ.

ರೊಟ್ಟಿ ಆಯಿತು. ಎಂಥ ರೊಟ್ಟಿ! ಎತ್ತರಕ್ಕೆ ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಮನೆಯ ತುಂಬ ಪರಿಮಳ. ಅಮ್ಮ ಇದ್ದ ಕಾಲದ ಪರಿಮಳ. ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಕೊಡವಿದ, ರೊಟ್ಟಿ ಬಿಳಿ ವಸ್ತ್ರದ ಮೇಲೆ ಜಾರಿತು. ಮುಟ್ಟದೆ ಹಾಗೆಯೇ ಸುತ್ತಿಟ್ಟ.

"ಒಳಗೆ ತಿರುಗ್ತಾ ಇದ್ದದ್ದು ಎಲ್ಲಿ?" ಎಂದಳು ಹೆಂಡತಿ.

"ಪಾತ್ರೆಯಲ್ಲೇ ಇರ್ತದೆ. ಎಲ್ಲಿಗೆ ಹೋಗ್ತದೆ ಅದು?"

ಎಲ್ಲಿಗೆ ಹೋಗಿತ್ತು ಎಂದು ನಿಮಗೆ ಗೊತ್ತಾಯಿತಲ್ಲ? ನಗಬೇಡಿ. ಸ್ವಲ್ಪ ತಾಳಿ.

ಭಾನುವಾರ. ದೇವಾಲಯ ತುಂಬಿದೆ. ಎಲ್ಲರ ಕಣ್ಣೂ ಮೇಜಿನ ಮೇಲೆ, ಆ ಎತ್ತರದ ರೊಟ್ಟಿಯ ಮೇಲೆ. ಶ್ರೀಮಂತ ಮೊದಲ ಬೆಂಚಿನಲ್ಲಿ, ಇಸ್ತ್ರಿ ಮಾಡಿದ ಅಂಗಿ, ಕೈಗಳನ್ನು ತೊಡೆಯ ನಡುವೆ ಹಿಸುಕಿಕೊಂಡು ಕುಳಿತಿದ್ದಾನೆ. ತಮ್ಮ ಮೂರನೆಯ ಬೆಂಚಿನ ತುದಿಯಲ್ಲಿ. ಅಯ್ಯನವರು ಪ್ರಾರ್ಥನೆ ಮುಗಿಸಿದರು. ರೊಟ್ಟಿ ಎತ್ತಿದರು. ಮುರಿಯಲು ಹೋದರು. ಮುರಿಯಲಿಲ್ಲ. ಇನ್ನೊಮ್ಮೆ ಎಳೆದರು. ರೊಟ್ಟಿ ಎರಡಾಯಿತು, ನಡುವಿನಿಂದ ಒಂದು ಲೋಹದ ತುಂಡು ಬೆಳ್ಳಿಯ ತಟ್ಟೆಗೆ ಠಣ್ ಎಂದು ಬಿತ್ತು! ತಟ್ಟೆಯಿಂದ ಹಾರಿ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಉರುಳಿ ನಡುದಾರಿಗೆ. ಜಾರುತ್ತ ಜಾರುತ್ತ ಹೋಗಿ ಮೂರನೆಯ ಬೆಂಚಿನ ಹತ್ತಿರ ನಿಂತಿತು.

ಅಯ್ಯನವರ ಒಂದು ಕೈಯಲ್ಲಿ ಅರ್ಧ ರೊಟ್ಟಿ, ಇನ್ನೊಂದು ಕೈಯಲ್ಲಿ ಅರ್ಧ, ನಡುವೆ ಒಂದು ತೂತು.

ಯಾರೋ ನಕ್ಕರು. ಯಾರು? ತಮ್ಮ. ದಿನವಿಡೀ ಇಂಜಿನ್ ಬಿಚ್ಚಿ ಜೋಡಿಸುವವನು, ತಡೆದುಕೊಳ್ಳಲಿಕ್ಕೆ ಆಗಲಿಲ್ಲ. ಬಗ್ಗಿ ಅದನ್ನು ಎತ್ತಿಕೊಂಡು ಪಕ್ಕದವರಿಗೆ ಪಿಸುಗುಟ್ಟಿದ, "ಪಾರ್ಟು ಒಳಗೇ ಬಿಟ್ಟು ಮುಚ್ಚಿದ್ದಾನೆ ಮಾರಾಯ್ರೆ." ಆ ಪಿಸುಮಾತು ಮೊದಲ ಬೆಂಚಿನವರೆಗೂ ಕೇಳಿಸಿತು. ಆಮೇಲೆ ಇಡೀ ಸಭೆ ನಕ್ಕಿತು, ಅಯ್ಯನವರೂ ನಕ್ಕರು. ನಗದವನು ಒಬ್ಬನೇ. ರೊಟ್ಟಿ ಎಲ್ಲರಿಗೂ ಹಂಚಿ ಹೋಯಿತು. ತಮ್ಮ ಆ ರೆಕ್ಕೆಯನ್ನು ಕರವಸ್ತ್ರದಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡು ಮನೆಗೆ ಹೋದ.

ಹೊರಗೆ ದೊಡ್ಡಮ್ಮ ಶ್ರೀಮಂತನ ತೋಳು ಹಿಡಿದು ಹೇಳಿದರು, "ನಿನ್ನ ಸರದಿ ಮುಗೀಲಿಲ್ಲ. ಮುಂದಿನ ತಿಂಗಳೂ ನಿನ್ನದೇ."

ಈಗ ಅವನ ಪಾಡು ನೋಡಿ. ಬಾಯಿಬಿಟ್ಟು ಹೇಳಿಕೊಳ್ಳುವ ಹಾಗಿಲ್ಲ. ರೆಕ್ಕೆ ಇಲ್ಲದೆ ಮೆಷೀನು ಕಲಸುವುದಿಲ್ಲ. ಅಂಗಡಿಯಲ್ಲಿ ಕೇಳಿದ. "ಬಿಡಿ ಭಾಗ ಬರ್ಲಿಕ್ಕೆ ಎರಡು ತಿಂಗಳು ಉಂಟು ಸರ್." ರೆಕ್ಕೆ ಬೇಕಾದರೆ ತಮ್ಮನ ಮನೆಗೆ ಹೋಗಬೇಕು. ರೆಕ್ಕೆ ಬೇಡ, ಕೈಯಲ್ಲೇ ಕಲಸುತ್ತೇನೆ ಎಂದರೆ ನಿಯಮದ ಪ್ರಕಾರ ತಮ್ಮನ ಮನೆಗೇ ಹೋಗಬೇಕು. ಎತ್ತ ತಿರುಗಿದರೂ ಬಾವಿಕಟ್ಟೆ! ಕರ್ತನು ಒಬ್ಬ ಮನುಷ್ಯನ ಹಿಂದೆ ಬಿದ್ದರೆ ಹೀಗೆ ಬೀಳುತ್ತಾನೆ, ಪ್ರಿಯರೇ.

ಮುಂದಿನ ತಿಂಗಳ ಶನಿವಾರ ಬೆಳಿಗ್ಗೆ. ಹೋಗಿ ಬಂದನೇ? ಇಲ್ಲ. ಮೊದಲು ಕಲಸಿಬಿಡುತ್ತೇನೆ, ಆಮೇಲೆ ನೋಡೋಣ ಎಂದುಕೊಂಡ. ನಾವೆಲ್ಲ ಹಾಗೆಯೇ. ಅಂಗಿಯ ತೋಳು ಮಡಚಿ ಕೈ ಹಾಕಿದ. ಹಿಟ್ಟು ಬೆರಳಿಗೆ, ಬೆರಳ ಸಂದಿಗೆ, ಉಂಗುರಕ್ಕೆ ಅಂಟಿತು. ಬಿಡಿಸಿದಷ್ಟೂ ಅಂಟಿತು. ಹೆಸರು ಹೇಳತೊಡಗಿದ. ಟೈಲರ ಮನೆ. ಹಾರ್ಮೋನಿಯಂ ನುಡಿಸುವ ಟೀಚರ ಮನೆ. ಕೆಳಗಿನ ಕೇರಿಯ ನರ್ಸಿನ ಮನೆ. ಹೇಳುತ್ತ ಹೇಳುತ್ತ ಅವನಿಗೆ ಉತ್ಸಾಹ ಬಂತು. ಎಷ್ಟು ಜನ! ಎಷ್ಟು ವರ್ಷಗಳಿಂದ ಜೊತೆಗೆ ಕುಳಿತವರು! ಇಪ್ಪತ್ತು ಮನೆ, ಮೂವತ್ತು ಮನೆ, ಮೂವತ್ತೈದು.

ಕೈ ನಿಂತಿತು.

ಹಿಟ್ಟು ಇನ್ನೂ ನೀರು ನೀರಾಗಿದೆ. ಒಂದು ಮನೆ ಬಾಕಿ ಇದೆ. ಬಾಯಿ ಬರುತ್ತಿಲ್ಲ.

ಸರಕ್ಕನೆ ಬಾಗಿಲು ತೆಗೆದು ಹೊರಟೇಬಿಟ್ಟ! ಕೈ ತೊಳೆಯಲಿಲ್ಲ, ಚಪ್ಪಲಿ ಹಾಕಲಿಲ್ಲ. ಮೊಣಕೈವರೆಗೆ ಹಿಟ್ಟು. ಐಸ್ ಪ್ಲಾಂಟಿನ ಮಾಲಕ ಎರಡೂ ಕೈಯನ್ನು ಮುಂದಕ್ಕೆ ಚಾಚಿಕೊಂಡು ರಸ್ತೆಯಲ್ಲಿ ಓಡುತ್ತಿದ್ದಾನೆ, ಎದುರು ಬಂದ ಮೀನಿನ ಹೆಂಗಸು ಬುಟ್ಟಿ ಹಿಡಿದುಕೊಂಡು ಬದಿಗೆ ಸರಿಯುತ್ತಾಳೆ. ನಾಲ್ಕು ನಿಮಿಷದ ದಾರಿ ಎರಡು ನಿಮಿಷಕ್ಕೆ ಮುಗಿಯಿತು. ಕೈಯಿಂದ ತಟ್ಟುವ ಹಾಗಿಲ್ಲ, ಬಾಗಿಲನ್ನು ಕಾಲಿನಿಂದ ತಟ್ಟಿದ.

ತಮ್ಮ ಬಾಗಿಲು ತೆರೆದ. ಅಣ್ಣನ ಮುಖ ನೋಡಲಿಲ್ಲ. ಕೈ ನೋಡಿದ.

"ನೀರು ಜಾಸ್ತಿ ಆಗಿದೆ," ಎಂದ.

ಹನ್ನೊಂದು ವರ್ಷದ ಮೇಲೆ ಮೊದಲ ಮಾತು ಅದು!

"ಎಂತ?"

"ಹಿಟ್ಟಿಗೆ. ಅಮ್ಮ ಇಷ್ಟು ನೀರು ಹಾಕ್ತಾ ಇರ್ಲಿಲ್ಲ."

"ಮತ್ತೆ ಈಗ ಎಂತ ಮಾಡುವುದು?"

"ಬಾ ಹೋಗುವ. ಸ್ವಲ್ಪ ಮೈದಾ ಸೇರಿಸಿದ್ರೆ ಸರಿ ಆಗ್ತದೆ." ಒಳಗೆ ಹೋಗಿ ಸ್ಪಾನರುಗಳ ನಡುವಿನಿಂದ ಆ ರೆಕ್ಕೆ ತಂದ. "ಇದು ಬೇಕಾ ನಿನಗೆ?"

"ಇರ್ಲಿ ಬಿಡು, ಈಗ."

ಇಬ್ಬರೂ ಬಂದರು. ನಾಲ್ಕು ಕೈ, ಒಂದು ಹಿಟ್ಟು. ಮೊದಲನೆಯ ಮನೆಯಿಂದ ಮತ್ತೆ ಶುರು. ಒಬ್ಬ ಟೈಲರ ಮನೆ ಎಂದರೆ ಇನ್ನೊಬ್ಬ ಟೀಚರ ಮನೆ ಎನ್ನುತ್ತಾನೆ. ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ಮೂವತ್ತಾರನೆಯದು ಅಣ್ಣನ ಪಾಲಿಗೆ ಬಂತು. ತಮ್ಮನ ಕೈ ಒಂದು ಕ್ಷಣ ನಿಂತಿತು.

"ಬಾವಿಕಟ್ಟೆಯ ಮನೆ," ಎಂದ ಅಣ್ಣ.

ತಮ್ಮನ ಕೈ ಮತ್ತೆ ಕಲಸತೊಡಗಿತು.

ಹಿಟ್ಟನ್ನು ಮೆಷೀನಿನ ಪಾತ್ರೆಯಲ್ಲೇ ಇಟ್ಟರು, ಬೇಯಿಸುವ ಗುಂಡಿ ಮಾತ್ರ ಒತ್ತಿದರಾಯಿತು ಎಂದು. ಮೆಷೀನನ್ನು ಬೈಯಬೇಡಿ, ಅದರದೇನೂ ತಪ್ಪಿಲ್ಲ. ಬೇಯಿಸುವ ಮೊದಲು ಹಿಟ್ಟು ಒಂದು ಗಂಟೆ ಉಬ್ಬಬೇಕು. ಒಂದು ಗಂಟೆ ಅಣ್ಣತಮ್ಮ ಎರಡು ಸ್ಟೂಲಿನ ಮೇಲೆ ಕುಳಿತರು. ಆ ಗಂಟೆಯಲ್ಲಿ ಏನೇನು ಮಾತಾಡಿದರು ಗೊತ್ತೇ? ಬೋಟಿನ ಗೇರ್ ಬಾಕ್ಸು. ಈ ಸಲ ಬಂಗುಡೆ ಮೀನು ಕಡಿಮೆ. ಟೀಚರಿಗೆ ಮಂಡಿನೋವು. ಮಾತಿಲ್ಲದಾಗ ಇಬ್ಬರೂ ಗಾಜಿನ ಕಿಟಕಿಯೊಳಗೆ ನೋಡಿದರು.

ಭಾನುವಾರ ಅಯ್ಯನವರು ರೊಟ್ಟಿ ಎತ್ತಿದಾಗ ಇಡೀ ಸಭೆ ಉಸಿರು ಬಿಗಿಹಿಡಿಯಿತು. ಮುರಿದರು. ಹತ್ತಿಯ ಹಾಗೆ ಬಿಚ್ಚಿಕೊಂಡಿತು! ಹಬೆಯಂಥ ಪರಿಮಳ ಹಿಂದಿನ ಬೆಂಚಿನವರೆಗೂ ಹೋಯಿತು. ಒಂದು ಚಿಕ್ಕ ಮಗು "ಅಮ್ಮಾ, ಇನ್ನೂ ಬೇಕು" ಎಂದು ಕೂಗಿತು. ದೊಡ್ಡಮ್ಮ ತಮಗೆ ಸಿಕ್ಕ ತುಂಡನ್ನು ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡಿದ್ದರು. ಅಂದಿನಿಂದ ತಮ್ಮ ಅಣ್ಣನ ಮನೆಯಲ್ಲಿ ಭಾನುವಾರದ ಊಟಕ್ಕೆ ಬಂದ, ಹಬ್ಬಕ್ಕೆ ಬಂದ, ಜ್ವರ ಬಂದಾಗ ಬಂದ.

ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಸಂತೋಷ. ನನಗೂ ಸಂತೋಷ. ಆದರೆ ನಿಲ್ಲಿಸಲಾರೆ.

ಯಾಕೆಂದರೆ ನಿಮ್ಮ ಮನೆಯಲ್ಲೂ ಒಂದು ಮೆಷೀನು ಇದೆ. ನಾನು ಗುರುತಿಸುತ್ತೇನೆ, ಕೇಳಿ. ಅತ್ತಿಗೆಯ ಮುಖ ನೋಡಲು ಇಷ್ಟವಿಲ್ಲ, ಕ್ರಿಸ್ಮಸ್ ತಿಂಡಿಯ ಡಬ್ಬಿಯನ್ನು ಡ್ರೈವರನ ಕೈಯಲ್ಲಿ ಕಳಿಸುತ್ತೀರಿ. ಕೈ ತಾಗಲಿಲ್ಲ! ನೆರೆಮನೆಯವರ ಜೊತೆ ಮಾತಿಲ್ಲ, ಆದರೆ ಪ್ರತಿ ಬೆಳಿಗ್ಗೆ ಫೋನಿನಲ್ಲಿ ಹೂವಿನ ಚಿತ್ರ ಕಳಿಸುತ್ತೀರಿ. ಕೈ ತಾಗಲಿಲ್ಲ! ಆರಾಧನೆಯಲ್ಲಿ ಎದ್ದು "ಯಾರಿಗಾದರೂ ನೋವಾಗಿದ್ದರೆ" ಎಂದು ಇಡೀ ಸಭೆಗೆ ಒಟ್ಟಿಗೇ ಹೇಳಿ ಕುಳಿತುಕೊಳ್ಳುತ್ತೀರಿ. ಯಾರಿಗಾದರೂ ಎಂದರೆ ಯಾರು? ಅವರಿಗೆ ಹೆಸರಿಲ್ಲವೇ? ಅವರು ಮೂರನೆಯ ಬೆಂಚಿನಲ್ಲೇ ಕುಳಿತಿಲ್ಲವೇ?

ಆದ್ದರಿಂದ ಈ ವಾರ ಹೋಗಿ. ಫೋನು ಮನೆಯಲ್ಲಿ ಬಿಟ್ಟು ಹೋಗಿ. ಕೈ ಹೇಗಿದೆಯೋ ಹಾಗೆಯೇ ಹೋಗಿ. ಹೋಗಿ ಗೇರ್ ಬಾಕ್ಸಿನ ಮಾತಾಡಿ ಬರಬೇಡಿ. ಜೊತೆಗೆ ಕೂತು ಉಂಡದ್ದು ದೊಡ್ಡದು, ಇಲ್ಲವೆನ್ನುವುದಿಲ್ಲ. ಆದರೆ ಎಲ್ಲಿ ಹೆಸರು ಬಿಟ್ಟಿರೋ ಅಲ್ಲಿಯೇ ಎದ್ದು ನಿಂತು, ಯಾರೆದುರು ಬಿಟ್ಟಿರೋ ಅವರೆದುರೇ ಆ ಹೆಸರು ಹೇಳಿ. ಇಂದು ರಾತ್ರಿ ಊಟಕ್ಕೆ ಕೂರುವಾಗ, ಬಡಿಸಿದವರ ಹೆಸರು ಹಿಡಿದು, ಮಕ್ಕಳಿಗೆ ಕೇಳಿಸುವ ಹಾಗೆ, ಇದನ್ನು ಮಾಡಿದವರು ಇವರು ಎನ್ನಿ. ಅಲ್ಲಿಂದ ಶುರು ಮಾಡಿ. ಅಷ್ಟು ಸಣ್ಣದರಿಂದ.

ಆ ಶ್ರೀಮಂತನಿಗೆ ಸಭೆಯ ಎದುರು ಆ ಹೆಸರು ಹೇಳಲು ಸಮಯ ಇರಲಿಲ್ಲವೆಂದಲ್ಲ. ಆಮೇಲೆ ಒಂಬತ್ತು ವರ್ಷ ಬದುಕಿದ. ಪ್ರತಿ ಭಾನುವಾರ ಅದೇ ದೇವಾಲಯ, ಅದೇ ಜನ. ಎರಡು ಸಲ ಎದ್ದು ನಿಂತದ್ದನ್ನು ದೊಡ್ಡಮ್ಮ ನೋಡಿದ್ದರಂತೆ. ಎರಡು ಸಲವೂ ಅಂಗಿಯ ತುದಿ ಎಳೆದುಕೊಂಡು ಕುಳಿತ. ತಮ್ಮನೂ ಕೇಳಲಿಲ್ಲ. ಕೇಳಿ ಪಡೆಯುವ ಮಾತಲ್ಲ ಅದು.

ಇಷ್ಟು ಹೊತ್ತು ನಾನೂ ಅವನನ್ನು ತಮ್ಮ, ತಮ್ಮ ಎಂದೇ ಕರೆದೆ. ಆ ಹೆಸರನ್ನು ನಾನೂ ಬಿಟ್ಟರೆ, ಅಣ್ಣ ಮಾಡಿದ್ದನ್ನೇ ನಾನೂ ಮಾಡಿದ ಹಾಗೆ.

ಅಣ್ಣ ಕೊನೆಯವರೆಗೂ ಹೇಳದೇ ಹೋದದ್ದು ಇಷ್ಟು: ನಮ್ಮ ಅಮ್ಮನನ್ನು ನೋಡಿಕೊಂಡವನು ನಾನಲ್ಲ, ನನ್ನ ತಮ್ಮ ಜಯಶೀಲ.